ಕ್ಯಾನ್ಸರ್ ಹರಡದಂತೆ ತಡೆಯಲು ನ್ಯಾನೊ ಔಷಧ: ಇವತ್ತು ನಮ್ಮ ಕೈಗೆ ಸಿಗುವುದೆಷ್ಟು?

ಶಿಂಷಾ ತೀರ (ಮದ್ದೂರು)

ವೇದಿಕೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮ ಅಕ್ಕನಿಗೆ ಈಗ 47 ವರ್ಷ. ಎಡ ಸ್ತನದಲ್ಲಿದ್ದ ಗಡ್ಡೆಯನ್ನು ಕಳೆದ ತಿಂಗಳು ಮೈಸೂರಿನ ಆಸ್ಪತ್ರೆಯೊಂದರಲ್ಲಿ ತೆಗೆದರು. ಅದರ ಜೊತೆಗೆ ಕಂಕುಳಿನಿಂದ ತೆಗೆದ 14 ದುಗ್ಧಗ್ರಂಥಿಗಳ (ಲಿಂಫ್ ನೋಡ್) ಪೈಕಿ 3ರಲ್ಲಿ ಕ್ಯಾನ್ಸರ್ ಕೋಶಗಳಿವೆ ಎಂದು ಲ್ಯಾಬಿನ ವರದಿ ಬಂದಿದೆ. ಸ್ಕ್ಯಾನಿನಲ್ಲಿ ಶ್ವಾಸಕೋಶ, ಯಕೃತ್ತು, ಮೂಳೆ ಎಲ್ಲೂ ಏನೂ ಕಂಡಿಲ್ಲ. "ಕಾಣಿಸುತ್ತಿಲ್ಲ ಎಂದಮಾತ್ರಕ್ಕೆ ಇಲ್ಲವೆಂದು ಅರ್ಥವಲ್ಲ, ಕಾಣದಷ್ಟು ಸಣ್ಣದು ಎಲ್ಲಾದರೂ ಕೂತಿದ್ದರೆ ಅದನ್ನು ಮುಗಿಸುವುದಕ್ಕೇ ಕೀಮೋ ಕೊಡುವುದು" ಎಂದು ಡಾಕ್ಟರು ವಿವರಿಸಿದರು. ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದು ಒಳ್ಳೆಯದೇ ಆಯಿತು, ಆದರೆ ಆ ಮಾತು ಕೇಳಿದ ದಿನದಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಮೊನ್ನೆ ಸಂಜೆ ಅಕ್ಕ ಜಗಲಿಯ ಮೇಲೆ ಕುಳಿತು ಅಂಗಳದ ಕಡೆ ನೋಡುತ್ತಾ, "ಗರಿಕೆಯನ್ನು ಎಷ್ಟು ಕಿತ್ತರೂ ಒಂದು ಗೆಣ್ಣು ಉಳಿದರೆ ಸಾಕು, ಮತ್ತೆ ಚಿಗುರುತ್ತದೆ. ಇದೂ ಹಾಗೆಯೇ ಏನೋ?" ಎಂದು ಕೇಳಿದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ನಮ್ಮ ಭಾವನ ಕಡೆಯವರೊಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದ್ದಾರೆ. ಅದರಲ್ಲಿ ನ್ಯಾನೊ ಕಣಗಳು ಮೈಯೆಲ್ಲ ಸುತ್ತಾಡಿ ಕ್ಯಾನ್ಸರ್ ಕೋಶಗಳನ್ನು ಮಾತ್ರ ಹುಡುಕಿ ಕೊಲ್ಲುತ್ತವೆ, ಇನ್ನು ರೋಗ ಹರಡುವ ಭಯವೇ ಇಲ್ಲ ಎಂದು ತೋರಿಸಿದ್ದಾರೆ. ಅಂಥ ಔಷಧ ನಿಜವಾಗಿಯೂ ಇದೆಯೇ? ಇದ್ದರೆ ಅಕ್ಕನಿಗೆ ಕೊಡಿಸಬಹುದೇ? ಗದ್ದೆಯ ಮೇಲೆ ಸಾಲ ಮಾಡಬೇಕಾಗಿ ಬಂದರೂ ನಾವು ಹಿಂಜರಿಯುವವರಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸರಸ್ವತಿಪುರಂ ಮೇಷ್ಟ್ರು (ಮೈಸೂರು)

ತಮ್ಮಾ, ಸಾಲದ ಮಾತು ಸದ್ಯಕ್ಕೆ ಬದಿಗಿರಲಿ. ನಾನು ಫಾರ್ಮಸಿ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸಿ ನಿವೃತ್ತನಾದವನು, ಚಿಕಿತ್ಸೆ ಕೊಡುವ ವೈದ್ಯನಲ್ಲ. ಆ ಎಲ್ಲೆಯೊಳಗೆ ನಿಂತು ಬರೆಯುತ್ತೇನೆ.

ನಿಮ್ಮ ಅಕ್ಕನವರ ಗರಿಕೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ವಿಡಿಯೊಗಿಂತ ಅದು ಸತ್ಯಕ್ಕೆ ಹತ್ತಿರವಾಗಿದೆ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಅವರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ಶವಪರೀಕ್ಷೆಯ ದಾಖಲೆಗಳನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳಿದರು. ರಕ್ತದ ಜೊತೆ ತೇಲಿ ಹೋಗುವ ಕೋಶಗಳು ಎಲ್ಲ ಅಂಗಗಳಿಗೂ ತಲುಪುತ್ತವೆ, ಹಾಗಿದ್ದರೂ ಯಕೃತ್ತಿನಲ್ಲಿ ಅಷ್ಟೊಂದು ಗಡ್ಡೆಗಳು, ಗುಲ್ಮದಲ್ಲಿ (ಸ್ಪ್ಲೀನ್) ಅಷ್ಟು ಕಡಿಮೆ, ಹೀಗೇಕೆ? ಬೀಜ ಎಲ್ಲ ಕಡೆ ಬಿದ್ದರೂ ಹೊಂದುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎನ್ನುವುದು ಅವರು ಕೊಟ್ಟ ಉತ್ತರ. ಇಂದಿಗೂ ಈ ಕ್ಷೇತ್ರದವರು ಆ ಹೋಲಿಕೆಯನ್ನು ಬಿಟ್ಟಿಲ್ಲ.

ಗಡ್ಡೆಯಿಂದ ಒಂದು ಕೋಶ ಬೇರೆ ಅಂಗಕ್ಕೆ ಹೋಗಿ ನೆಲೆಯೂರಬೇಕಾದರೆ ಅದು ಮೊದಲು ಸುತ್ತಲಿನ ಅಂಗಾಂಶವನ್ನು ಭೇದಿಸಿ ರಕ್ತನಾಳದೊಳಗೆ ಅಥವಾ ದುಗ್ಧನಾಳದೊಳಗೆ ನುಗ್ಗಬೇಕು, ಹರಿಯುವ ರಕ್ತದ ಹೊಡೆತವನ್ನೂ ರೋಗನಿರೋಧಕ ಕೋಶಗಳ ಕಣ್ಣನ್ನೂ ತಪ್ಪಿಸಿಕೊಳ್ಳಬೇಕು, ದೂರದ ಅಂಗದಲ್ಲಿ ನಾಳದ ಗೋಡೆ ದಾಟಿ ಹೊರಬರಬೇಕು, ಆಮೇಲೆ ಆ ಹೊಸ ಜಾಗದಲ್ಲಿ ಬದುಕಿ ಬೆಳೆಯಬೇಕು. ಹೊರಟ ಕೋಶಗಳಲ್ಲಿ ಬಹುತೇಕ ಎಲ್ಲವೂ ದಾರಿಯಲ್ಲೇ ಸಾಯುತ್ತವೆ. ಉಳಿದ ಬೆರಳೆಣಿಕೆಯಷ್ಟು ಕೋಶಗಳಲ್ಲೂ ಕೆಲವು ವರ್ಷಗಟ್ಟಲೆ ನಿದ್ದೆ ಹೋದಂತೆ ಸುಮ್ಮನಿರುತ್ತವೆ. ಕ್ಯಾನ್ಸರ್ ರೋಗಿಗಳಲ್ಲಿ ಹೆಚ್ಚಿನವರ ಜೀವ ತೆಗೆಯುವುದು ಮೊದಲ ಗಡ್ಡೆಯಲ್ಲ, ಹೀಗೆ ಹೋಗಿ ನೆಲೆಯೂರಿದ ಈ ಕೆಲವು ಕೋಶಗಳೇ.

ಇನ್ನು ನ್ಯಾನೊ ಔಷಧದ ವಿಚಾರ. ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೊಮೀಟರ್. ಒಂದು ಕೆಂಪು ರಕ್ತಕಣದ ಅಗಲ ಸುಮಾರು 7,000 ನ್ಯಾನೊಮೀಟರ್. ಔಷಧ ಹೊರುವ ಕಣಗಳು ಸಾಮಾನ್ಯವಾಗಿ 100 ನ್ಯಾನೊಮೀಟರ್ ಆಸುಪಾಸಿನವು. ಬೇಗ ಬೇಗ ಬೆಳೆಯುವ ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಯ ಹಾಗೆ ಬಿರುಕು ಬಿಟ್ಟಿರುತ್ತವೆ. ದೊಡ್ಡ ಅಣುಗಳು ಆ ಬಿರುಕುಗಳಿಂದ ಸೋರಿ ಗಡ್ಡೆಯಲ್ಲೇ ಉಳಿದುಕೊಳ್ಳುತ್ತವೆ ಎಂದು ಜಪಾನಿನ ಮತ್ಸುಮುರಾ ಮತ್ತು ಮಾಯೆದಾ ಎಂಬ ಇಬ್ಬರು 1986ರಲ್ಲಿ ತೋರಿಸಿಕೊಟ್ಟರು. ಆರೋಗ್ಯವಂತ ಅಂಗಗಳ ನಾಳಗಳು ಬಿಗಿಯಾಗಿರುವುದರಿಂದ ಅಲ್ಲಿ ಸೋರಿಕೆ ಕಡಿಮೆ. ನ್ಯಾನೊ ಔಷಧದ ಇಡೀ ಭರವಸೆ ಬಹುಕಾಲ ಈ ಒಂದು ತತ್ತ್ವದ ಮೇಲೆಯೇ ನಿಂತಿತ್ತು. ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧವನ್ನು ಕೊಬ್ಬಿನ ಪೊರೆಯ ಸಣ್ಣ ಗುಳ್ಳೆಗಳಲ್ಲಿ ತುಂಬಿದ 'ಡಾಕ್ಸಿಲ್' 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆ ಗುಳ್ಳೆಗೆ ಲೈಪೊಸೋಮ್ ಎಂದು ಹೆಸರು.

ಆದರೆ ನಿಮ್ಮ ಅಕ್ಕನವರ ಸ್ಥಿತಿಗೆ ಇದನ್ನು ಹೊಂದಿಸುವಾಗ ಒಂದು ತೊಡಕಿದೆ, ಮತ್ತು ಆ ವಿಡಿಯೊದವರು ಹೇಳದೆ ಬಿಟ್ಟಿರುವುದು ಇದನ್ನೇ. ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಿ ಬೆಳೆಯಬೇಕಾದರೆ ಗಡ್ಡೆಗೆ ತನ್ನದೇ ಹೊಸ ರಕ್ತನಾಳಗಳು ಬೇಕು ಎಂಬ ವಿಚಾರವನ್ನು 1971ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಮುಂದಿಟ್ಟರು. ಹಾಗಾದರೆ ಸ್ಕ್ಯಾನಿಗೂ ಕಾಣದಷ್ಟು ಸಣ್ಣದಾಗಿ ಮೂಳೆಯಲ್ಲೋ ಶ್ವಾಸಕೋಶದಲ್ಲೋ ಅಡಗಿರುವ ಕೋಶಗಳ ಗುಂಪಿಗೆ ಅಂಥ ನಾಳವಿನ್ನೂ ಹುಟ್ಟಿರುವುದಿಲ್ಲ. ನಾಳವಿಲ್ಲದಲ್ಲಿ ಬಿರುಕೂ ಇಲ್ಲ, ಸೋರಿಕೆಯೂ ಇಲ್ಲ. ಬಲಿತ ಗಡ್ಡೆಗೆ ಹೋಗುವ ದಾರಿ ಈ ಕಣಗಳಿಗೆ ಸಿಗುತ್ತದೆ, ನಾವು ಭಯಪಡುವ ಬೀಜದ ಕಡೆಗೆ ಹೋಗುವ ದಾರಿ ಸಿಗುವುದು ಕಷ್ಟ. ಹರಡುವುದನ್ನು ತಡೆಯುವ ಕೆಲಸಕ್ಕೆ ನ್ಯಾನೊ ಔಷಧ ಇನ್ನೂ ಒದಗಿಬಂದಿಲ್ಲ ಎಂದು ನಾನು ಹೇಳುವುದು ಈ ಕಾರಣದಿಂದ.

ಬಲಿತ ಗಡ್ಡೆಗಾದರೂ ಎಷ್ಟು ತಲುಪುತ್ತದೆ ಎಂದು ಕೇಳಿದರೆ, ಟೊರಾಂಟೊದ ಸಂಶೋಧಕರು ಅದಕ್ಕೂ ಲೆಕ್ಕ ಹಾಕಿದ್ದಾರೆ. ಹಿಂದಿನ ಹತ್ತು ವರ್ಷಗಳಲ್ಲಿ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ಅವರು 2016ರಲ್ಲಿ ಪ್ರಕಟಿಸಿದ ಮಧ್ಯಾಂಕ, ದೇಹಕ್ಕೆ ಕೊಟ್ಟ ಕಣಗಳಲ್ಲಿ ಶೇ. 0.7 ಮಾತ್ರ. ನೀವು ಮದ್ದೂರಿನವರು, ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ತೂಬು ಎತ್ತಿದ ನೀರು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆಗೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಎಂಬುದನ್ನು ಅಲ್ಲಿನ ರೈತರು ಕಣ್ಣಾರೆ ಕಂಡಿದ್ದಾರೆ. ದೇಹದಲ್ಲಿ ದಾರಿಯ ನಡುವೆ ಆ ನೀರನ್ನು ಎಳೆದುಕೊಳ್ಳುವುದು ಯಕೃತ್ತು ಮತ್ತು ಗುಲ್ಮ. ಹೊರಗಿನಿಂದ ಬಂದ ಕಣಗಳನ್ನು ಹಿಡಿದು ನುಂಗುವುದು ಅಲ್ಲಿನ ಕೋಶಗಳ ದಿನನಿತ್ಯದ ಕೆಲಸ. ಕಣದ ಮೈಮೇಲೆ ಕ್ಯಾನ್ಸರ್ ಕೋಶದ ಗುರುತು ಹಿಡಿಯುವ ಪ್ರತಿಕಾಯವನ್ನು ಅಂಟಿಸಿದರೂ ಈ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಬಸ್ಸು ಆ ಊರಿಗೆ ಹೋಗದಿದ್ದರೆ ಕೈಯಲ್ಲಿರುವ ಮನೆ ವಿಳಾಸದಿಂದ ಏನು ಪ್ರಯೋಜನ?

ಹಗಲು ಪಾಳಿ (ಮೈಸೂರು)

ನಾನು ಕೀಮೋ ಡೇ ಕೇರ್ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿರುವ ನರ್ಸ್. ಮೇಷ್ಟ್ರು ಹೇಳಿದ ಲೈಪೊಸೋಮ್ ಔಷಧವನ್ನು ನಾವು ಕೈಯಾರೆ ಏರಿಸುತ್ತೇವೆ, ಆದ್ದರಿಂದ ಅದು ಎಲ್ಲೋ ದೂರದ ಪ್ರಯೋಗಾಲಯದ ವಸ್ತುವೆಂದು ಯಾರೂ ಭಾವಿಸಬೇಡಿ. ಅದನ್ನು ಭಾರತದ ಕಂಪನಿಗಳೇ ತಯಾರಿಸುತ್ತವೆ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆಯಾದಾಗ ಅಲ್ಲಿನ ಔಷಧ ಆಡಳಿತವು ನಮ್ಮ ದೇಶದ 'ಲೈಪೊಡಾಕ್ಸ್' ತರಿಸಿಕೊಳ್ಳಲು ಒಪ್ಪಿಗೆ ಕೊಟ್ಟಿತ್ತು.

ಸಾದಾ ಡಾಕ್ಸೊರುಬಿಸಿನ್ ಗಾಢ ಕೆಂಪು ಬಣ್ಣದ್ದು. ರೋಗಿಗಳು ಅದನ್ನು 'ಕೆಂಪು ಔಷಧಿ' ಎಂದೇ ಕರೆಯುತ್ತಾರೆ, ಮತ್ತು ಅದನ್ನು ಕಂಡರೆ ಅಂಜುತ್ತಾರೆ. ಅದು ಹೃದಯದ ಸ್ನಾಯುವಿಗೆ ಹಾನಿ ಮಾಡಬಲ್ಲದು, ಆದ್ದರಿಂದ ಒಬ್ಬರಿಗೆ ಜೀವಮಾನದಲ್ಲಿ ಇಷ್ಟೇ ಕೊಡಬೇಕೆಂಬ ಮಿತಿ ಇದೆ. ಹರಡಿದ ಸ್ತನ ಕ್ಯಾನ್ಸರ್ ಇದ್ದ 509 ಮಹಿಳೆಯರಲ್ಲಿ ಸಾದಾ ಔಷಧವನ್ನೂ ಲೈಪೊಸೋಮ್ ಔಷಧವನ್ನೂ ಹೋಲಿಸಿದ ಪ್ರಯೋಗದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ರೋಗವನ್ನು ಹಿಡಿದಿಡುವುದರಲ್ಲಿ ಎರಡೂ ಸರಿಸಮವಾಗಿದ್ದವು, ಹೃದಯಕ್ಕಾದ ಹಾನಿ ಮಾತ್ರ ಲೈಪೊಸೋಮ್ ಪಡೆದವರಲ್ಲಿ ಬಹಳ ಕಡಿಮೆಯಾಗಿತ್ತು. ನ್ಯಾನೊ ರೂಪದಿಂದ ಇವತ್ತಿಗೆ ಸಿಕ್ಕಿರುವ ಲಾಭ ಇಂಥದ್ದು. ಅದು ದೊಡ್ಡ ಲಾಭವೇ, ಆದರೆ ಹರಡದಂತೆ ತಡೆದ ಲಾಭವಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಲೈಪೊಸೋಮ್ ಗುಳ್ಳೆಗಳು ರಕ್ತದಲ್ಲಿ ಬಹಳ ದಿನ ಸುತ್ತುತ್ತಾ ಅಂಗೈ ಮತ್ತು ಅಂಗಾಲಿನ ಚರ್ಮದಲ್ಲಿ ಸೇರಿಕೊಳ್ಳುತ್ತವೆ. ಮಂಡ್ಯ ಕಡೆಯ ಒಬ್ಬ ತಾಯಿ ಎರಡನೆಯ ಸುತ್ತಿಗೆ ಬಂದಾಗ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕುಳಿತಿದ್ದರು. ಬಿಡಿಸಿ ನೋಡಿದರೆ ಅಂಗೈ ಕೆಂಪೇರಿ, ಬೆರಳ ಗೆಣ್ಣಿನ ಮಡಿಕೆಗಳಲ್ಲಿ ಚರ್ಮ ಸುಲಿದಿತ್ತು. ಮುದ್ದೆ ತೊಳಸಲು ಕೋಲು ಹಿಡಿಯುವುದಕ್ಕಾಗುತ್ತಿಲ್ಲ, ಕುಡುಗೋಲಂತೂ ಮುಟ್ಟುವಂತೆಯೇ ಇಲ್ಲ ಎಂದರು. ಹೇಳಿದರೆ ಔಷಧ ನಿಲ್ಲಿಸಿಬಿಡುತ್ತಾರೆಂದು ಹದಿನೈದು ದಿನ ಯಾರಿಗೂ ಹೇಳದೆ ಸಹಿಸಿಕೊಂಡಿದ್ದರು. ವೈದ್ಯರು ಮುಂದಿನ ಡೋಸ್ ಒಂದು ವಾರ ಮುಂದೂಡಿ, ಪ್ರಮಾಣ ತಗ್ಗಿಸಿದರು, ಕೈ ವಾಸಿಯಾಯಿತು. ನ್ಯಾನೊ ಎಂದರೆ ಅಡ್ಡಪರಿಣಾಮವೇ ಇಲ್ಲ ಎನ್ನುವವರು ಆ ತಾಯಿಯ ಅಂಗೈಯನ್ನು ಒಮ್ಮೆ ನೋಡಬೇಕಿತ್ತು.

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಔಷಧಕ್ಕೂ ನ್ಯಾನೊ ರೂಪವಿದೆ. ಸಾದಾ ಔಷಧವನ್ನು ಕರಗಿಸಲು ಬಳಸುವ ಎಣ್ಣೆಯಂಥ ದ್ರಾವಕ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ, ಅದಕ್ಕಾಗಿ ಮೊದಲೇ ಸ್ಟಿರಾಯ್ಡ್ ಕೊಡುತ್ತೇವೆ. ಔಷಧವನ್ನು ಆಲ್ಬುಮಿನ್ ಎಂಬ ಪ್ರೋಟೀನಿನ ಸುಮಾರು 130 ನ್ಯಾನೊಮೀಟರಿನ ಕಣಗಳಾಗಿ ಮಾಡಿದರೆ ಆ ದ್ರಾವಕವೇ ಬೇಕಾಗುವುದಿಲ್ಲ. ಖರ್ಚಿನ ವಿಷಯ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡ್ ಇದ್ದರೆ ಯಾವ ರೂಪದ ಔಷಧ ಪ್ಯಾಕೇಜಿನಲ್ಲಿದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ. ಹೊರಗೆ ಬರೆದುಕೊಟ್ಟರೆ ಏಕೆಂದು ಕೇಳಲು ಸಂಕೋಚಪಡಬೇಡಿ.

ಪಾಂಡವಪುರದ ರೈತ

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ತಂದೆಗೆ ನಾಲಿಗೆಯ ಬದಿಯಲ್ಲಿ ಹುಣ್ಣಾಗಿತ್ತು. ಬಯಾಪ್ಸಿ ಮಾಡಿ ಕ್ಯಾನ್ಸರ್ ಎಂದರು, ಇನ್ನೂ ಸಣ್ಣದಿದೆ, ಬೇಗ ಆಪರೇಷನ್ ಮಾಡಿಸಿ ಎಂದೂ ಹೇಳಿದರು. ಅಷ್ಟರಲ್ಲಿ ಪರಿಚಯದವರ ಮೂಲಕ ಒಬ್ಬರು ಮನೆಗೆ ಬಂದು, ಅರಿಶಿನದ ಸತ್ವವನ್ನು ನ್ಯಾನೊ ಮಾಡಿದ ಹನಿಗಳಿವೆ, ಅವು ರಕ್ತದಲ್ಲಿ ಸೇರಿ ಕ್ಯಾನ್ಸರ್ ಹರಡುವುದನ್ನು ನಿಲ್ಲಿಸುತ್ತವೆ, ಕತ್ತರಿ ಹಾಕಿದರೆ ಮಾತ್ರ ಹರಡುತ್ತದೆ ಎಂದು ನಂಬಿಸಿದರು. ಏಳು ಬಾಟಲಿ ತೆಗೆದುಕೊಂಡೆವು. ಅಪ್ಪ ದಿನವೂ ಬೆಳಿಗ್ಗೆ ದೇವರ ಮುಂದೆ ನಿಂತು ನಾಲಿಗೆಯ ಮೇಲೆ ಹನಿ ಹಾಕಿಕೊಳ್ಳುತ್ತಿದ್ದರು, ನಾಲಿಗೆಯೆಲ್ಲ ಹಳದಿಯಾಗಿರುತ್ತಿತ್ತು. ಎರಡೂವರೆ ತಿಂಗಳಾದ ಮೇಲೆ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು. ಆಮೇಲೆ ಆಪರೇಷನ್, ರೇಡಿಯೇಷನ್ ಎಲ್ಲವೂ ಆಯಿತು, ಆದರೆ ಅಪ್ಪ ಉಳಿಯಲಿಲ್ಲ. ಮದ್ದೂರಿನವರೇ, ವಿಡಿಯೊದಲ್ಲಿ ಫೋನ್ ನಂಬರ್ ಕೊಟ್ಟಿದ್ದರೆ ದಯವಿಟ್ಟು ಕರೆ ಮಾಡಬೇಡಿ.

ಸರಸ್ವತಿಪುರಂ ಮೇಷ್ಟ್ರು (ಮೈಸೂರು)

ಅಣ್ಣಾ, ಬರೆದು ಒಳ್ಳೆಯ ಕೆಲಸ ಮಾಡಿದಿರಿ. ತಂದೆಯನ್ನು ಉಳಿಸಿಕೊಳ್ಳಬೇಕೆಂದು ಹೊರಟ ಮಗನ ಮೇಲೆ ಈ ತಪ್ಪು ಬೀಳುವುದಿಲ್ಲ, ಹೆದರಿದ ಮನೆಯನ್ನು ಹುಡುಕಿಕೊಂಡು ಬಂದು ಮಾರಿದವರ ಮೇಲೆ ಬೀಳುತ್ತದೆ. ಕ್ಯಾನ್ಸರ್ ಗುಣಪಡಿಸುತ್ತೇವೆ, ತಡೆಯುತ್ತೇವೆ ಎಂದು ಔಷಧಕ್ಕೆ ಜಾಹೀರಾತು ಕೊಡುವುದನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ 1954ರಲ್ಲಿಯೇ ನಿಷೇಧಿಸಿದೆ.

ಕತ್ತರಿ ಹಾಕಿದರೆ ಹರಡುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ, ಹಾಗಾಗಿ ಅದಕ್ಕೂ ಉತ್ತರ ಕೊಡಬೇಕು. ಬಾಯಿ ಕ್ಯಾನ್ಸರ್ ಮೊದಲು ಹರಡುವುದು ಕತ್ತಿನ ದುಗ್ಧಗ್ರಂಥಿಗಳಿಗೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರಂಭದ ಹಂತದ ಬಾಯಿ ಕ್ಯಾನ್ಸರ್ ರೋಗಿಗಳ ಪೈಕಿ ಕತ್ತಿನಲ್ಲಿ ಗಂಟು ಕಾಣುವ ಮೊದಲೇ ಆ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಶೇ. 80 ಮಂದಿ ಮೂರು ವರ್ಷದ ನಂತರ ಬದುಕಿದ್ದರು. ಗಂಟು ಕಾಣಿಸಿಕೊಂಡ ಮೇಲೆ ತೆಗೆಯೋಣವೆಂದು ಕಾದವರಲ್ಲಿ ಆ ಪ್ರಮಾಣ ಶೇ. 67.5. ಹರಡದಂತೆ ತಡೆದದ್ದು ಅಲ್ಲಿ ಶಸ್ತ್ರಚಿಕಿತ್ಸೆಯೇ.

ಗಂಗೋತ್ರಿ ಹಾದಿ (ಮೈಸೂರು)

ಸರ್, ನಾನು ಔಷಧ ಹೊರುವ ನ್ಯಾನೊ ಕಣಗಳ ಮೇಲೆಯೇ ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿನಿ. ತಾವು ಬರೆದದ್ದರಲ್ಲಿ ತಪ್ಪಿಲ್ಲ, ಆದರೆ ಓದಿದವರಿಗೆ ಈ ದಾರಿ ಮುಚ್ಚಿಹೋಗಿದೆ ಎಂದು ಅನ್ನಿಸಬಾರದು ಎಂಬ ಕಾರಣಕ್ಕೆ ಕೆಲವು ಮಾತು ಸೇರಿಸುತ್ತೇನೆ.

ಸೋರುವ ನಾಳಗಳ ತತ್ತ್ವವೇ ಈಗ ಮರುಪರಿಶೀಲನೆಗೆ ಒಳಗಾಗಿದೆ. ಟೊರಾಂಟೊದ ಅದೇ ತಂಡ 2020ರಲ್ಲಿ ಗಡ್ಡೆಗಳ ನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕಣಗಳಲ್ಲಿ ಶೇ. 97ರವರೆಗೂ ಬಿರುಕಿನಿಂದ ಸೋರುವುದಿಲ್ಲ, ನಾಳದ ಗೋಡೆಯ ಕೋಶಗಳೇ ಅವನ್ನು ಹಿಡಿದು ಒಳಕ್ಕೆ ದಾಟಿಸುತ್ತವೆ ಎಂದು ವರದಿ ಮಾಡಿತು. ದಾಟಿಸುವ ಕೋಶವಿದೆ ಎಂದಾದರೆ ಬಿರುಕಿಲ್ಲದ ಜಾಗಕ್ಕೂ ಕಣವನ್ನು ಕಳಿಸುವ ಉಪಾಯವನ್ನು ಹುಡುಕಬಹುದು. ನನ್ನಂಥವರು ಬೆಳಿಗ್ಗೆ ಎದ್ದು ಪ್ರಯೋಗಾಲಯಕ್ಕೆ ಹೋಗುವುದು ಆ ಆಸೆಯಿಂದಲೇ.

ಎರಡನೆಯದಾಗಿ, ಬೀಜವನ್ನು ಮಣ್ಣಿನಲ್ಲಿ ಹುಡುಕುವ ಬದಲು ಗಾಳಿಯಲ್ಲಿ ಹಾರುತ್ತಿರುವಾಗಲೇ ಹಿಡಿಯಬಹುದಲ್ಲವೇ ಎಂದು ಯೋಚಿಸಿದವರಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಲೈಪೊಸೋಮ್ ಗುಳ್ಳೆಯ ಮೈಮೇಲೆ ಎರಡು ಪ್ರೋಟೀನುಗಳನ್ನು ಅಂಟಿಸಿದರು. ಒಂದು ಪ್ರೋಟೀನು ಗುಳ್ಳೆಯನ್ನು ಬಿಳಿ ರಕ್ತಕಣಗಳಿಗೆ ಅಂಟಿಸುತ್ತದೆ, ಇನ್ನೊಂದು ಕ್ಯಾನ್ಸರ್ ಕೋಶಕ್ಕೆ ತಾನಾಗಿಯೇ ಸಾಯುವ ಸಂಕೇತ ಕೊಡುತ್ತದೆ. ಹೀಗೆ ರಕ್ತದಲ್ಲಿ ಓಡಾಡುವ ಬಿಳಿಕಣಗಳೇ ಆಯುಧ ಹೊತ್ತ ಕಾವಲುಗಾರರಾಗಿ, ಎದುರಾದ ಕ್ಯಾನ್ಸರ್ ಕೋಶಗಳನ್ನು ಇಲಿಗಳಲ್ಲಿ ಕೊಂದವು. ಗಡ್ಡೆಯನ್ನು ತಲುಪುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಹರಡುವುದನ್ನು ತಡೆಯುವ ಉಪಾಯಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಇದು, ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಎಷ್ಟು ಉದ್ದ ಎಂಬುದೂ ನನಗೆ ಗೊತ್ತಿದೆ. ದುಗ್ಧಗ್ರಂಥಿಗಳ ವಿಷಯದಲ್ಲಂತೂ ಸಣ್ಣ ಕಣಗಳಿಗೆ ಸಹಜವಾದ ಅನುಕೂಲವಿದೆ. ಚರ್ಮದಡಿ ಚುಚ್ಚಿದರೆ ಅವು ದುಗ್ಧನಾಳ ಹಿಡಿದು ತಾವಾಗಿಯೇ ಗ್ರಂಥಿಗಳಿಗೆ ಹೋಗುತ್ತವೆ. ಸ್ತನ ಕ್ಯಾನ್ಸರ್ ಮೊದಲು ಯಾವ ಗ್ರಂಥಿಗೆ ಹೋಗುತ್ತದೆ ಎಂದು ಪತ್ತೆ ಹಚ್ಚಲು ವಿಕಿರಣ ಸೂಸುವ ನ್ಯಾನೊ ಕಣಗಳನ್ನು ವೈದ್ಯರು ಈಗಾಗಲೇ ಬಳಸುತ್ತಿದ್ದಾರೆ.

ಇಷ್ಟು ಹೇಳಿದ ಮೇಲೆ ಎಡವಿದ್ದನ್ನೂ ಹೇಳುವುದು ನನ್ನ ಕರ್ತವ್ಯ. ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೈಮೇಲೆ ಹೆಚ್ಚಾಗಿರುವ ಹೆರ್-2 ಎಂಬ ಪ್ರೋಟೀನಿನ ಗುರುತು ಹಿಡಿಯುವ ಪ್ರತಿಕಾಯವನ್ನು ಡಾಕ್ಸೊರುಬಿಸಿನ್ ಲೈಪೊಸೋಮಿಗೆ ಅಂಟಿಸಿ ತಯಾರಿಸಿದ ಎಂಎಂ-302 ಎಂಬ ಔಷಧ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಹರಡಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರಲ್ಲಿ ಅದರ ಪ್ರಯೋಗವನ್ನು ಈಗಿರುವ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ಕಾಣದ ಕಾರಣ 2016ರಲ್ಲಿ ನಿಲ್ಲಿಸಿದರು. ಗುರಿಯಿಟ್ಟ ನ್ಯಾನೊ ಔಷಧ ಎಂಬ ಮಾತಿಗೆ ಅದಕ್ಕಿಂತ ನೇರವಾದ ಉದಾಹರಣೆ ಇರಲಿಲ್ಲ.

ಇನ್ನೊಂದು ಸಂಗತಿ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಸಿಂಗಾಪುರದ ಸಂಶೋಧಕರು 2013ರಲ್ಲಿ ಟೈಟೇನಿಯಂ ಡೈಆಕ್ಸೈಡಿನ ನ್ಯಾನೊ ಕಣಗಳು ರಕ್ತನಾಳದ ಗೋಡೆಯಲ್ಲಿ ಕೋಶ ಕೋಶಗಳನ್ನು ಬೆಸೆದಿರುವ ಪ್ರೋಟೀನನ್ನು ಸಡಿಲಿಸಿ ಸಂದು ಮಾಡುತ್ತವೆ ಎಂದು ಕಂಡರು. ಅದೇ ತಂಡದವರು 2019ರಲ್ಲಿ ಇಲಿಗಳಲ್ಲಿ ತೋರಿಸಿದ್ದೇನೆಂದರೆ, ಕೆಲವು ಬಗೆಯ ಕಣಗಳು ಮಾಡಿದ ಆ ಸಂದುಗಳ ಮೂಲಕ ಸ್ತನ ಕ್ಯಾನ್ಸರಿನ ಕೋಶಗಳು ಇನ್ನಷ್ಟು ಸುಲಭವಾಗಿ ರಕ್ತಕ್ಕೆ ಇಳಿದವು ಮತ್ತು ದೂರದ ಅಂಗಗಳಲ್ಲಿ ಹೊರಬಂದವು. ಎಲ್ಲ ಕಣಗಳೂ ಹೀಗೆ ಮಾಡುವುದಿಲ್ಲ, ಅದು ಕಣದ ವಸ್ತು ಮತ್ತು ಗಾತ್ರವನ್ನು ಅವಲಂಬಿಸಿದೆ. ಆದರೂ ಪರೀಕ್ಷೆಯಾಗದ ಯಾವುದೋ ನ್ಯಾನೊ ಪುಡಿಯನ್ನು ಕ್ಯಾನ್ಸರ್ ರೋಗಿಯ ದೇಹಕ್ಕೆ ಕಳಿಸುವವರಿಗೆ ತಾವು ತೆರೆಯುತ್ತಿರುವುದು ಯಾವ ಬಾಗಿಲು ಎಂಬುದು ಗೊತ್ತಿರುವುದಿಲ್ಲ. ಪಾಂಡವಪುರದ ಅಣ್ಣನವರ ಮಾತು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ. ಭಾರತ ಸರ್ಕಾರ 2019ರಲ್ಲಿ ನ್ಯಾನೊ ಔಷಧಗಳ ಪರೀಕ್ಷೆಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದ್ದು ಸುಮ್ಮನೆ ಅಲ್ಲ.

ಸರಸ್ವತಿಪುರಂ ಮೇಷ್ಟ್ರು (ಮೈಸೂರು)

ತಾಯೀ, ಕಾವಲುಗಾರ ಬಿಳಿಕಣಗಳ ಸಂಗತಿಯನ್ನು ನಾನು ಬಿಟ್ಟಿದ್ದು ತಪ್ಪಾಯಿತು. ನಾಳಗಳ ವಿಷಯದಲ್ಲಿ ನನ್ನ ಓದು ಹಳೆಯದಾಗಿತ್ತು ಎಂಬುದನ್ನೂ ಒಪ್ಪುತ್ತೇನೆ. ಆದರೂ ಮದ್ದೂರಿನ ತಮ್ಮನಿಗೆ ಕೊಡಬೇಕಾದ ಉತ್ತರ ಅದರಿಂದ ಬದಲಾಗುವುದಿಲ್ಲ. ಅವರ ಅಕ್ಕನಿಗೆ ಬೇಕಾಗಿರುವುದು ಈ ವರ್ಷದ ಚಿಕಿತ್ಸೆ.

ಹಾಗಾಗಿ ನ್ಯಾನೊ ಅಲ್ಲದಿದ್ದರೂ ಹರಡುವುದನ್ನು ತಡೆಯುತ್ತವೆ ಎಂದು ಮನುಷ್ಯರಲ್ಲಿಯೇ ಸಾಬೀತಾದವುಗಳ ಬಗ್ಗೆ ಹೇಳುತ್ತೇನೆ. ಗಡ್ಡೆಯ ಕೋಶಗಳಲ್ಲಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ ಇದ್ದರೆ, ಅದನ್ನು ಅಡ್ಡಗಟ್ಟುವ ಟಾಮಾಕ್ಸಿಫೆನ್ ಮಾತ್ರೆ. ಆ ಮಾತ್ರೆಯನ್ನು 5 ವರ್ಷ ತೆಗೆದುಕೊಂಡವರಲ್ಲಿ ಮೊದಲ 15 ವರ್ಷಗಳ ಸ್ತನ ಕ್ಯಾನ್ಸರ್ ಸಾವುಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಮುಟ್ಟು ನಿಂತ ಮಹಿಳೆಯರಿಗೆ ಮೂಳೆ ಗಟ್ಟಿ ಮಾಡುವ ಬಿಸ್‌ಫಾಸ್ಫೊನೇಟ್ ಔಷಧ ಕೊಟ್ಟರೆ ಮೂಳೆಗೆ ಹರಡುವುದು ಕಡಿಮೆಯಾಗುತ್ತದೆ ಎಂದು 18,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಕಂಡುಕೊಂಡರು. ಪ್ಯಾಜೆಟ್ ಹೇಳಿದ ಮಣ್ಣನ್ನೇ ಬದಲಾಯಿಸುವ ಚಿಕಿತ್ಸೆ ಇದು.

ಇನ್ನೊಂದು ನಮ್ಮ ದೇಶದ್ದು. ಸ್ತನದ ಗಡ್ಡೆ ತೆಗೆಯುವ ಕೆಲವೇ ನಿಮಿಷ ಮೊದಲು ಅದರ ಸುತ್ತ ಲಿಡೊಕೇನ್ ಚುಚ್ಚುವುದು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಅಗ್ಗದ ಔಷಧ. ಟಾಟಾ ಸ್ಮಾರಕ ಕೇಂದ್ರದ ನೇತೃತ್ವದಲ್ಲಿ ಸುಮಾರು 1,600 ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 5 ವರ್ಷದ ನಂತರ ಬದುಕಿದ್ದವರ ಪ್ರಮಾಣ ಲಿಡೊಕೇನ್ ಪಡೆದವರಲ್ಲಿ ಶೇ. 90.1, ಪಡೆಯದವರಲ್ಲಿ ಶೇ. 86.4. ಇದನ್ನು ಓದಿ ಅಕ್ಕನಿಗೆ ಏನೋ ತಪ್ಪಿಹೋಯಿತೆಂದು ಮರುಗಬೇಡಿ. ಇದು ಒಂದೇ ದೊಡ್ಡ ಪ್ರಯೋಗದ ಫಲ, ಶಸ್ತ್ರಚಿಕಿತ್ಸೆಯ ನಂತರದ ಚಿಕಿತ್ಸೆಗಳ ಬಲ ಇದಕ್ಕಿಂತ ಕಡಿಮೆಯದೇನಲ್ಲ.

ಡಾಕ್ಟರನ್ನು ಕಾಣಲು ಹೋದಾಗ ಈಸ್ಟ್ರೊಜೆನ್ ಗ್ರಾಹಕ ಮತ್ತು ಹೆರ್-2 ವರದಿಗಳು ಬಂದಿವೆಯೇ ಎಂದು ಕೇಳಿ. ಯಾರಾದರೂ ನ್ಯಾನೊ ಚಿಕಿತ್ಸೆಯ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೇವೆ ಎಂದರೆ ಭಾರತದ ಕ್ಲಿನಿಕಲ್ ಪ್ರಯೋಗ ನೋಂದಣಿಯ ಸಂಖ್ಯೆ ಕೊಡಿ ಎನ್ನಿ. ಪ್ರಯೋಗದ ಔಷಧಕ್ಕೆ ರೋಗಿಯಿಂದ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಶಿಂಷಾ ತೀರ (ಮದ್ದೂರು)

ಎಲ್ಲರ ಉತ್ತರಗಳನ್ನೂ ಮುದ್ರಿಸಿಕೊಂಡು, ಅಕ್ಕನಿಗೆ ಓದಿ ಹೇಳಿ, ನಿನ್ನೆ ಮೈಸೂರಿಗೆ ಹೋಗಿ ಬಂದೆವು. ಈಸ್ಟ್ರೊಜೆನ್ ಗ್ರಾಹಕ ಇದೆ, ಹೆರ್-2 ಇಲ್ಲ ಎಂದು ವರದಿ ಬಂದಿದೆ. ಮೊದಲು ಕೆಂಪು ಔಷಧಿ ಸೇರಿದ ನಾಲ್ಕು ಸುತ್ತು, ಅನಂತರ ಪ್ಯಾಕ್ಲಿಟ್ಯಾಕ್ಸೆಲ್, ಆಮೇಲೆ ರೇಡಿಯೇಷನ್, ಕೊನೆಗೆ ಟಾಮಾಕ್ಸಿಫೆನ್ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಮುಟ್ಟು ಇನ್ನೂ ನಿಂತಿಲ್ಲವಾದ್ದರಿಂದ ಮೂಳೆಯ ಔಷಧದ ವಿಚಾರವನ್ನು ಮುಂದೆ ನೋಡೋಣ ಎಂದರು.

ಕೆಂಪು ಔಷಧಿಯ ಬದಲು ಲೈಪೊಸೋಮ್ ಕೊಡಬಹುದೇ ಎಂದು ನಾನೇ ಕೇಳಿದೆ. ಅಕ್ಕನ ಎಕೊ ಪರೀಕ್ಷೆಯಲ್ಲಿ ಹೃದಯ ಚೆನ್ನಾಗಿದೆ, ಕೊಡುವ ಪ್ರಮಾಣವೂ ಮಿತಿಯೊಳಗೇ ಇದೆ, ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸದಂತೆ ತಡೆಯುವುದರಲ್ಲಿ ದೀರ್ಘಕಾಲದ ಅನುಭವ ಇರುವುದು ಸಾದಾ ಔಷಧಕ್ಕೇ ಎಂದು ಅವರು ಹೇಳಿದರು. ಮುದ್ರಿಸಿದ ಹಾಳೆಗಳನ್ನು ತಿರುವಿ ನೋಡಿ, ಇದನ್ನು ಬರೆದವರು ಯಾರು ಎಂದು ವಿಚಾರಿಸಿದರು.

ಬರುವಾಗ ರೈಲಿನಲ್ಲಿ ಅಕ್ಕ ಟಾಮಾಕ್ಸಿಫೆನ್ ಎಂದರೇನು ಎಂದು ಮತ್ತೆ ಕೇಳಿದಳು. ಗೆಣ್ಣು ಉಳಿದಿದ್ದರೂ ಅದಕ್ಕೆ ನೀರು ಹೋಗದಂತೆ ಕಟ್ಟೆ ಹಾಕುವ ಮಾತ್ರೆ ಎಂದೆ. ಐದು ವರ್ಷ ಕಟ್ಟೆ ಕಾಯಬೇಕೆಂದರೆ ಕಾಯೋಣ ಬಿಡು ಎಂದಳು. ಸಿಸ್ಟರ್, ಮೊದಲ ಡ್ರಿಪ್ ಗುರುವಾರ. ಮನೆಗೆ ಬಂದ ಮೇಲೆ ನಾವು ಯಾವುದರ ಮೇಲೆ ಕಣ್ಣಿಡಬೇಕು ಎಂದು ತಿಳಿಸಿ.

ಹಗಲು ಪಾಳಿ (ಮೈಸೂರು)

ಇವತ್ತೇ ಒಂದು ಥರ್ಮಾಮೀಟರ್ ಕೊಂಡಿಟ್ಟುಕೊಳ್ಳಿ. ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಬಿಳಿ ರಕ್ತಕಣಗಳು ತೀರ ಇಳಿದಿರುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮನೆಯಲ್ಲಿ ಮಾತ್ರೆ ನುಂಗಿಸಿ ಬೆಳಗಾಗಲಿ ಎಂದು ಕಾಯಬೇಡಿ, ಎಷ್ಟು ಹೊತ್ತಾಗಿದ್ದರೂ ಹೊರಟು ಬನ್ನಿ. ಡ್ರಿಪ್ ಹೋಗುವಾಗ ಸೂಜಿಯ ಸುತ್ತ ಉರಿ ಎನ್ನಿಸಿದರೆ ಆ ಕ್ಷಣವೇ ಹೇಳಲು ಅಕ್ಕನಿಗೆ ತಿಳಿಸಿ, ಏಕೆಂದರೆ ಆ ಔಷಧ ನಾಳದಿಂದ ಹೊರಗೆ ಸೋರಿದರೆ ಚರ್ಮ ಸುಡುತ್ತದೆ. ಮೂತ್ರ ಒಂದೆರಡು ದಿನ ಕೆಂಪಗೆ ಹೋಗುತ್ತದೆ. ಅದು ರಕ್ತವಲ್ಲ, ಔಷಧದ ಬಣ್ಣ ಎಂದು ಮೊದಲೇ ಹೇಳಿಟ್ಟಿರಿ.